ಚಂದ್ರನ ಮಣ್ಣು ಜಗಿದ ಮುನಿಯಣ್ಣ

ಪೇಪರಿನಲ್ಲಿ ಬಂದ ಆ ಫೋಟೋದಲ್ಲಿ ನನ್ನ ಮೊಣಕೈ ಇದೆ. ಎಡಗಡೆ ಅಂಚಿನಲ್ಲಿ, ನೀಲಿ ಅಂಗಿಯ ತೋಳು ಮಡಚಿದ ಮೊಣಕೈ. ಅದು ನನ್ನದು ಅಂತ ನನ್ನ ಹೆಂಡತಿ ಕಲಾಳನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಡುವೆ ಮುನಿಯಣ್ಣ ನಿಂತಿದ್ದಾನೆ. ಅಂಗೈ ತುಂಬ ಬೂದಿ ಬಣ್ಣದ ಕಲ್ಲುಪುಡಿ, ಮುಖದ ತುಂಬ ನಗು. ಕೆಳಗೆ ದಪ್ಪ ಅಕ್ಷರದಲ್ಲಿ, ‘ಚಂದ್ರನ ನೆಲ ಸಿದ್ಧಪಡಿಸಿದ ಬೋರ್‌ವೆಲ್ ಕಾರ್ಮಿಕ’ ಅಂತ ಹಾಕಿದ್ದಾರೆ. ಆ ಪುಡಿಯನ್ನು ಹದಿನೇಳು ದಿನ ಬುಟ್ಟಿಯಲ್ಲಿ ಹೊತ್ತವನು ನಾನು. ಬೋರ್‌ವೆಲ್ ಕೆಲಸದಲ್ಲಿ ಅವತ್ತಿಗೆ ಇದ್ದವನೂ ನಾನೇ. ಅವನನ್ನು ಬೋರ್ ಲಾರಿಯ ಕೆಲಸದಿಂದ ಇಳಿಸಿ ಎಂಟು ವರ್ಷವಾಗಿತ್ತು. ಕ್ಯಾಮೆರಾ ಎತ್ತಿದವನು “ಸಾರ್, ಸ್ವಲ್ಪ ಪಕ್ಕಕ್ಕೆ ಬನ್ನಿ” ಅಂದದ್ದು ಮಾತ್ರ ನನಗೆ.

ಈಗ ಮುನಿಯಣ್ಣ ಇಲ್ಲ. ಕಾಲೇಜಿನವರು ವರ್ಷಕ್ಕೊಂದು ಪುಸ್ತಕ ತರುತ್ತಾರೆ, ಅದಕ್ಕೆ ಅವನ ಬಗ್ಗೆ ಬರೆದುಕೊಡಿ ಅಂತ ಸುಮಿತಾ ಮೇಡಂ ನನ್ನನ್ನೇ ಕೇಳಿದರು. “ಅವರ ಜೊತೆ ಹೆಚ್ಚು ವರ್ಷ ಇದ್ದವರು ನೀವೇ ತಾನೇ” ಅಂದರು. ನಾನು ಓದಿದ್ದು ಆರನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಳ್ಳಲಿ. ಆದರೆ ಹೊಗಳಿ ಬರೆಯಲು ನನ್ನ ಕೈಯಲ್ಲಾಗುವುದಿಲ್ಲ. ಆ ಕೆಲಸ ಊರೆಲ್ಲ ಮಾಡಿಯಾಗಿದೆ.

ಮುನಿಯಣ್ಣನ ಪೂರ್ತಿ ಹೆಸರು ಚಿಕ್ಕಮುನಿಯಪ್ಪ. ಹುಟ್ಟಿದ್ದು ಬೂದಿಕೋಟೆಯಿಂದ ಮೂರು ಮೈಲಿ ಒಳಗೆ, ನಮ್ಮ ಊರಿನಲ್ಲೇ. ನನಗಿಂತ ಒಂಬತ್ತು ವರ್ಷ ದೊಡ್ಡವನು. ಅವನಪ್ಪ ತೆರೆದ ಬಾವಿ ತೋಡುವ ಕೂಲಿ. ಮಗ ಹಗುರ ಇದ್ದಾನೆ ಅಂತ ಬುಟ್ಟಿಯಲ್ಲಿ ಕೂರಿಸಿ ಕೆಳಗೆ ಇಳಿಸುತ್ತಿದ್ದ. ಮೇಲಿನಿಂದ “ಈಗೇನ್ಲಾ ಬಂದಿರೋದು?” ಅಂತ ಕೂಗುತ್ತಿದ್ದ. ಬಾವಿಯ ತಳದಲ್ಲಿ ಕತ್ತಲು, ಮಣ್ಣಿನ ಬಣ್ಣ ಕಾಣುತ್ತಿರಲಿಲ್ಲ. ಅದಕ್ಕೆ ಇವನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಜಗಿದು ನೋಡಿ ಕೂಗಿ ಹೇಳುತ್ತಿದ್ದ. ಅಲ್ಲಿ ಹತ್ತಿದ ಚಟ ಸಾಯುವವರೆಗೂ ಬಿಡಲಿಲ್ಲ. ಹಲ್ಲುಗಳು ಅರ್ಧಕ್ಕರ್ಧ ಸವೆದಿದ್ದವು. ಅವನ ಹೆಂಡತಿ ವರಲಕ್ಷ್ಮಮ್ಮ ಹೇಳುತ್ತಿದ್ದಳು, “ಸಾರ್ಗೆ ಒಂದ್ ಕಲ್ ಉಪ್ಪು ಜಾಸ್ತಿ ಆದ್ರೆ ತಟ್ಟೆ ತಳ್ತಾನೆ. ಮಣ್ಣು ಮಾತ್ರ ಎಂಗಿದ್ರೂ ರುಚಿ ಈವಯ್ಯಂಗೆ!”

ನಮ್ಮ ಕಡೆ ನೆಲವೆಂದರೆ ಬಂಡೆಯ ಮೇಲೆ ಹೊದಿಸಿದ ಕಂಬಳಿ. ಮೇಲೆ ಕೆಮ್ಮಣ್ಣು, ಅದರಡಿ ಗರಸು, ಅದರಡಿ ಕೈಯಲ್ಲಿ ಹಿಸುಕಿದರೆ ಉದುರುವ ಕೊಳೆತ ಕಲ್ಲು, ಆಮೇಲೆ ಗಟ್ಟಿ ಬಂಡೆ. ಈ ಕಂಬಳಿ ಒಂದು ಹೊಲದಲ್ಲಿ ಇಪ್ಪತ್ತಡಿ ಇದ್ದರೆ ಬದುವಿನ ಆ ಕಡೆ ತೊಂಬತ್ತಡಿ ಇರುತ್ತದೆ. ಬೋರು ಕೊರೆಯುವಾಗ ಈ ಸಡಿಲ ಮಣ್ಣು ತೂತಿನೊಳಗೆ ಕುಸಿಯದಂತೆ ಕೇಸಿಂಗ್ ಪೈಪು ಇಳಿಸುತ್ತೇವೆ. ಪೈಪಿನ ಬುಡ ಗಟ್ಟಿ ಬಂಡೆಯಲ್ಲಿ ಕೂರಬೇಕು. ಬಂಡೆ ಬಂತು ಅಂತ ಹೇಳುವವನು ಕೇಸಿಂಗ್ ಆಳು. ಅವನು ಪೈಪಿನ ಮೇಲೆ ಅಂಗೈ ಇಟ್ಟು “ಕೂತ್ಕೊ ತಾಯಿ” ಅಂದರೆ ಮುಗಿಯಿತು. ಆಮೇಲೆ ಏನೇ ಆದರೂ ಅದು ಅಂಗೈ ಇಟ್ಟವನ ತಲೆಗೆ. ಲಾರಿ ಓನರು ಬೇರೆ ಯಾರನ್ನೂ ಕೇಳುವುದಿಲ್ಲ. ನಮ್ಮ ಕಸುಬಿನಲ್ಲಿ ಇದು ಮೊದಲಿನಿಂದ ಬಂದದ್ದು.

ಬಂಗಾರಪೇಟೆಯ ಜಯರಾಮಪ್ಪನವರ ಲಾರಿಯಲ್ಲಿ ಮುನಿಯಣ್ಣ ಕೇಸಿಂಗ್ ಆಳು, ನಾನು ಮಿಷನ್ ಆಪರೇಟರ್. ಲಿವರು ಎಳೆದು, ಕಲ್ಲು ಕುಟ್ಟಿ ಕೊರೆಯುವ ಹ್ಯಾಮರ್ ಇಳಿಸಿ, ಕಿವಿ ಕಿವುಡಾಗುವಂತೆ ದಿನವಿಡೀ ನಿಲ್ಲುವವನು ನಾನು. ಅವನು ನೆರಳಲ್ಲಿ ಕೂತು, ಗಾಳಿಗೆ ಹಾರಿ ಬಂದ ಪುಡಿ ತೆಗೆದು, ಊದಿ, ನಾಲಿಗೆ ಮೇಲಿಟ್ಟು, ಕಟಕ್ ಅಂತ ಕಡಿದು, “ಇನ್ನೊಂದ್ ಪೈಪು” ಅನ್ನುತ್ತಿದ್ದ. ಅಷ್ಟೆ ಅವನ ಕೆಲಸ. ಹೊಲದವರು ಕಾಫಿ ತಂದರೆ ಮೊದಲ ಲೋಟ ಅವನಿಗೆ. ನನಗೆ ಬರುವ ಹೊತ್ತಿಗೆ ಅದರ ಮೇಲೆ ಕಲ್ಲುಪುಡಿಯ ಕೆನೆ ಕಟ್ಟಿರುತ್ತಿತ್ತು. ಹೆಂಗಸರು “ಮುನ್ಯಪ್ಪಣ್ಣ, ನಮ್ ಒಲದಾಗೆ ಎಷ್ಟಡಿಗೆ ಬಂಡೆ?” ಅಂತ ಅವನನ್ನು ದೇವರನ್ನು ಕೇಳಿದ ಹಾಗೆ ಕೇಳುವರು. ನನ್ನನ್ನು ಕೇಳುತ್ತಿದ್ದುದು “ಯಾವಾಗ ಮುಗಿಸ್ತೀಯಪ್ಪ, ಸದ್ದಿಗೆ ಅಸು ಆಲು ಕೊಡ್ತಿಲ್ಲ” ಅಂತ.

ನಾನೂ ಗುಟ್ಟಾಗಿ ಜಗಿದು ನೋಡಿದೆ. ಎರಡು ವರ್ಷ ನೋಡಿದೆ. ನನಗೆ ಎಲ್ಲವೂ ಮಣ್ಣೇ.

ಆ ಫೋಟೋಗೆ ಎಂಟು ವರ್ಷ ಮುಂಚಿನ ಮಾತು. ಕಾಮಸಮುದ್ರದ ಹತ್ತಿರ ಕದಿರಪ್ಪ ಎಂಬುವರ ಹೊಲ. ಬೆಳಿಗ್ಗೆಯಿಂದ ಮುನಿಯಣ್ಣನಿಗೆ ಜ್ವರ. ಹತ್ತು ಗಂಟೆಗೆ “ಒಂದ್ ಇಂಜೆಕ್ಸನ್ ಆಕಿಸ್ಕೊಂಡ್ ಬತ್ತೀನಿ. ನಾನ್ ಬರೋಗಂಟ ಪೈಪು ಮುಟ್ಬೇಡ ಕಣ್ಲಾ ಕಾಂತ” ಅಂತ ಯಾರದೋ ಗಾಡಿ ಹತ್ತಿ ಹೋದ. ಅರವತ್ತೆರಡು ಅಡಿಗೆ ಹ್ಯಾಮರಿನ ಸದ್ದು ಬದಲಾಯಿತು. ಕೆಂಪು ಪುಡಿ ನಿಂತು ಬಿಳಿ ಪುಡಿ ಹಾರತೊಡಗಿತು. ಬಾಯಿಗೆ ಹಾಕಿದೆ. ಕಟಕ್ ಅಂತು. ಜೀವಮಾನದಲ್ಲಿ ಮೊದಲ ಸಲ ನನ್ನ ಹಲ್ಲಿಗೆ ಕಟಕ್ ಅಂತು. ಹೊಲದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕದಿರಪ್ಪನ ಹೆಂಡತಿ ಕಾಫಿ ತಂದಳು, ಮೊದಲ ಲೋಟ ನನಗೆ. “ಬಂಡೆ ಬಂತು” ಅಂದೆ.

ನಮ್ಮಲ್ಲಿ ಒಂದು ಕ್ರಮವಿದೆ. ಬಂಡೆ ಸಿಕ್ಕಿತು ಅಂತ ತಕ್ಷಣ ಕೇಸಿಂಗ್ ಇಳಿಸಬಾರದು. ಬಂಡೆಯೊಳಗೆ ಇನ್ನೂ ಆರಡಿ ಓಡಿಸಿ, ಅಂದರೆ ಕೊರೆದು, ನೋಡಬೇಕು. ಯಾಕೆಂದರೆ ಮಣ್ಣಿನ ಮಧ್ಯೆ ಕೆಲವು ಸಲ ಒಂಟಿ ಗುಂಡುಕಲ್ಲು ಕೂತಿರುತ್ತದೆ. ಸುತ್ತಲಿನ ಕಲ್ಲೆಲ್ಲ ಕೊಳೆತು ಮಣ್ಣಾದರೂ ಅದೊಂದು ಗಟ್ಟಿಯಾಗಿ ಉಳಿದಿರುತ್ತದೆ. ತೇಲುಗುಂಡು ಅನ್ನುತ್ತೇವೆ. ಬಾಯಿಗೆ ಬಂಡೆಯ ಹಾಗೇ ಸಿಗುತ್ತದೆ. ಆದರೆ ಅದರ ಕೆಳಗೆ ಮತ್ತೆ ಸಡಿಲ ಮಣ್ಣು. ನಾನು ಕೊರೆದದ್ದು ಎರಡೂವರೆ ಅಡಿ. ಅವನು ಬರುವಷ್ಟರಲ್ಲಿ ಕೇಸಿಂಗ್ ಇಳಿಸಿಬಿಡಬೇಕು ಅನ್ನುವ ಆತುರ. ಮಾಡಿ ತೋರಿಸಬೇಕಿತ್ತು.

ಕೊನೆಯ ಪೈಪು ಇಳಿಯುತ್ತಿದ್ದಾಗ ಮುನಿಯಣ್ಣ ಬಂದ. ತಲೆಗೆ ಟವಲು ಸುತ್ತಿಕೊಂಡಿದ್ದ. ರಾಶಿಯಿಂದ ಒಂದು ಚಿಟಿಕೆ ಪುಡಿ ತೆಗೆದು ಬಾಯಿಗೆ ಹಾಕಿಕೊಂಡ. ಮುಖ ಸಿಂಡರಿಸಿ ಉಗಿದ.

“ಜ್ವರದ್ ಬಾಯಿ, ಏನೂ ಗೊತ್ತಾಗ್ತಿಲ್ಲ. ಎಷ್ಟಡಿ ಓಡ್ಸಿದೆ ಬಂಡೇಲಿ?”

“ಆರು.”

“ಆರು ಪೂರ್ತಿ ಓಡ್ಸಿದ್ಯಾ?”

“ನನ್ ಮೇಲೆ ನಂಬ್ಕೆ ಇಲ್ವಾ? ಅಂಗಾರೆ ಕಿತ್ತು ನೀನೇ ಓಡ್ಸ್ಕೊ!” ಅಂತ ರೇಗಿದೆ. ರೇಗಿದರೆ ಜನ ಬಾಯಿ ಮುಚ್ಚುತ್ತಾರೆ ಅಂತ ನನಗೆ ಚಿಕ್ಕಂದಿನಿಂದ ಗೊತ್ತು.

“ನಂಬ್ಕೆ ಇಲ್ದೆ ಏನ್ಲಾ” ಅಂತ ಹೇಳಿ ಪೈಪಿನ ಮೇಲೆ ಅಂಗೈ ಇಟ್ಟ. “ಕೂತ್ಕೊ ತಾಯಿ.”

ಸಣ್ಣ ಬಿಟ್ ಹಾಕಿ ಪೈಪಿನೊಳಗಿಂದ ಕೊರೆಯಲು ಶುರು ಮಾಡಿದೆ. ಒಂದೂವರೆ ಅಡಿ ಹೋಗಿರಬೇಕು, ಹ್ಯಾಮರ್ ದಡಕ್ಕನೆ ಕೆಳಗೆ ಜಾರಿತು. ಲಿವರು ನನ್ನ ಕೈಯಲ್ಲಿತ್ತು, ನನಗೆ ಗೊತ್ತಾಯಿತು. ಗುಂಡು ದಾಟಿ ಮಣ್ಣಿಗೆ ಬಂದಿದ್ದೆ. ಅಲ್ಲೇ ನಿಲ್ಲಿಸಿ ಕೇಸಿಂಗ್ ಕಿತ್ತು ಮತ್ತೆ ಮಾಡಿದ್ದರೆ ಅರ್ಧ ದಿನ ಹೋಗುತ್ತಿತ್ತು, ನನ್ನ ಮಾನ ಹೋಗುತ್ತಿತ್ತು. ಮುನಿಯಣ್ಣ ಹುಣಿಸೆ ಮರದ ಕೆಳಗೆ ಟವಲು ಹೊದ್ದು ಮಲಗಿದ್ದ. ನಾನು ಕೊರೆಯುತ್ತಾ ಹೋದೆ. ನೂರ ನಲವತ್ತು ಅಡಿಗೆ ಮೇಲಿನ ಮಣ್ಣು ಕುಸಿದು ಹ್ಯಾಮರಿನ ಬೆನ್ನ ಮೇಲೆ ಕೂತಿತು. ಮೂರು ದಿನ ಎಳೆದೆವು. ನಾಲ್ಕನೇ ದಿನ ಹ್ಯಾಮರ್ ಹಿಡಿದಿದ್ದ ರಾಡು ಮುರಿಯಿತು. ಹ್ಯಾಮರ್ ಅಲ್ಲೇ ಇದೆ, ಇವತ್ತಿಗೂ.

ಜಯರಾಮಪ್ಪನವರು ಬಂದರು. ಜೀಪಿನಿಂದ ಇಳಿಯುವ ಮುಂಚೆಯೇ ಕೂಗಿದರು, “ಕೈ ಇಟ್ಟೋನು ಯಾರು?”

“ನಾನು” ಅಂದ ಮುನಿಯಣ್ಣ.

“ಎಷ್ಟಡಿ ಓಡ್ಸಿದ್ರಿ?”

“ನಾನ್ ಇರ್ಲಿಲ್ಲ ಯಜಮಾನ್ರೇ. ಆದ್ರೆ ಕೈ ಇಟ್ಟಿದ್ದು ನಾನು.”

ನಾನು ಲಾರಿಯ ಆ ಕಡೆ ಗಾಳಿ ಪೈಪು ಸುತ್ತುತ್ತಿದ್ದೆ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದೆ. ಅವತ್ತೇ ಅವನನ್ನು ಇಳಿಸಿದರು. ಮರುವಾರದಿಂದ ಪೈಪಿನ ಮೇಲೆ ಅಂಗೈ ಇಡುವವನು ನಾನಾದೆ. ಆಮೇಲೆ ಯಾವ ಬೋರಿನಲ್ಲೂ ಆರಡಿಗೆ ನಿಲ್ಲಿಸಿದವನಲ್ಲ, ಹತ್ತು ಓಡಿಸುತ್ತೇನೆ. “ಮುನ್ಯಪ್ಪ ಇದ್ದಿದ್ರೆ ಇಷ್ಟು ಓಡಿಸ್ತಿರ್ಲಿಲ್ಲ” ಅಂತ ಜನ ನನ್ನ ಎದುರಿಗೇ ಆಡಿಕೊಂಡರು. ಅವನ ಜಾಗದಲ್ಲಿ ನಿಂತರೂ ಜಾಗ ಅವನದೇ. ಅವನು ಜಲ್ಲಿ ಕ್ರಷರಿಗೆ ಕೂಲಿಗೆ ಸೇರಿದ. ಸಿಕ್ಕಾಗ “ಏನ್ಲಾ ಕಾಂತ, ಊಟ ಆಯ್ತಾ?” ಅನ್ನುತ್ತಿದ್ದ, ಮೊದಲಿನ ಹಾಗೇ. ಬೈದಿದ್ದರೆ ಚೆನ್ನಾಗಿತ್ತು. ಬಯ್ಯಲಿಲ್ಲ.

ಸುಮಿತಾ ಮೇಡಂ ರಾಬರ್ಟ್‌ಸನ್‌ಪೇಟೆಯವರು, ಕಾಲೇಜಿನಲ್ಲಿ ಲೆಕ್ಚರರು. ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಶೆಡ್ಡಿಗೆ ಬಂದರು. ಮೊದಲು ಬಂದದ್ದು ನನ್ನ ಹತ್ತಿರ, ಇದನ್ನು ಯಾರೂ ಪೇಪರಿನಲ್ಲಿ ಹಾಕಲಿಲ್ಲ. ಅವರ ವಿದ್ಯಾರ್ಥಿಗಳು ಚಂದ್ರನ ಮೇಲೆ ಓಡುವಂಥ ಆರು ಚಕ್ರದ ಪುಟ್ಟ ಬಂಡಿ ಮಾಡಿದ್ದರು. ಅದನ್ನು ಓಡಿಸಿ ನೋಡಲು ಚಂದ್ರನ ನೆಲದಂಥ ನೆಲ ಬೇಕಂತೆ.

“ಅಲ್ಲೂ ಇಲ್ಲಿ ಥರಾನೇ ಕಾಂತರಾಜ್ ಅವ್ರೇ. ಕೆಳಗೆ ಬಂಡೆ, ಮೇಲೆ ಪುಡಿ. ಆದ್ರೆ ಅಲ್ಲಿ ಮಳೆ ಇಲ್ಲ, ಗಾಳಿ ಇಲ್ಲ, ಬೇರು ಇಲ್ಲ, ಎರೆಹುಳ ಇಲ್ಲ. ಮೇಲಿಂದ ಕಲ್ಲು ಬಿದ್ದು ಬಿದ್ದು, ಕೋಟ್ಯಂತರ ವರ್ಷ ಕುಟ್ಟಿ ಕುಟ್ಟಿ ಆಗಿರೋ ಪುಡಿ.”

“ಪುಡಿ ತಾನೆ? ಕ್ರಷರ್‌ನಲ್ಲಿ ಬೇಕಾದಷ್ಟು ಬಿದ್ದಿದೆ, ತುಂಬಿಸ್ಕೊಂಡ್ ಹೋಗಿ” ಅಂದೆ. ಒಂದು ಲೋಡು ತರಿಸಿಯೂ ಕೊಟ್ಟೆ. ಲೋಡಿನ ಜೊತೆ ಇಳಿಸಲು ಬಂದ ಕೂಲಿಯವರಲ್ಲಿ ಮುನಿಯಣ್ಣ ಇದ್ದ. ಮೇಡಂ ಏನೋ ಹೇಳುತ್ತಿದ್ದುದನ್ನು ಕೇಳಿಸಿಕೊಂಡು ಅಭ್ಯಾಸದಂತೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ.

“ಇದಾಗಲ್ಲಮ್ಮಾ. ಎರಡ್ ಮಳೆಗಾಲ ನೆಂದೈತೆ. ನುಣ್ಣನೆ ಪುಡಿ ಕೊಚ್ಕೊಂಡ್ ಓಗೈತೆ, ಉಳಿದಿದ್ರ ಮೂಲೆ ಸವೆದೈತೆ. ನಾಲ್ಗೆಗೆ ಚುಚ್ತಾ ಇಲ್ಲ. ಮಳೇನೇ ಇಲ್ದಿರೋ ಕಡೆ ಪುಡಿ ಅಂದ್ರೆ ಚುಚ್ಬೇಕಲ್ವಾ?”

ಮೇಡಂ ಅವನನ್ನೇ ನೋಡುತ್ತಾ ನಿಂತುಬಿಟ್ಟರು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಮರುದಿನದಿಂದ ಎಲ್ಲದಕ್ಕೂ “ಮುನಿಯಪ್ಪನವ್ರೇ, ಮುನಿಯಪ್ಪನವ್ರೇ.” ನಾನು ಕೂಲಿಯವರ ಸಾಲಿನಲ್ಲಿ. ಮಳೆಗಾಲಕ್ಕೆ ಬೋರ್ ಲಾರಿ ಶೆಡ್ಡಿನಲ್ಲಿತ್ತು, ಮನೆಯಲ್ಲಿ ಕೂರಬಹುದಿತ್ತು. ಆದರೆ ಅವನು ಅಲ್ಲಿ ಏನು ಮಾಡುತ್ತಾನೋ ಅಂತ ನೋಡದೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಕಾಲೇಜಿನಲ್ಲಿ ಶೀಟು ಹಾಕಿದ ಜಾಗದಲ್ಲಿ ಮೂವತ್ತಡಿ ಉದ್ದಗಲ, ನಾಲ್ಕಡಿ ಆಳದ ಗುಂಡಿ. ತಳಕ್ಕೆ ಒಡಕು ಕಲ್ಲು, ಮೇಲೆ ಹೊಸದಾಗಿ ಅರೆದ ಪುಡಿಯನ್ನು ಗೇಣು ಗೇಣು ಹಾಕಿ ದಿಮ್ಮಸು ಹೊಡೆಯುವುದು, ಕೊನೆಗೆ ಮೇಲೆ ಎರಡು ಬೆರಳಿನಷ್ಟು ಜರಡಿ ಹಿಡಿದು ಉದುರಿಸುವುದು. ಚಂದ್ರನ ಮೇಲೆ ಹಾಗೇ ಅಂತೆ. ಮೇಲೆ ಹಿಟ್ಟಿನ ಹಾಗೆ ಸಡಿಲ, ಗೇಣು ಕೆಳಗೆ ಹೋದರೆ ಗಿಡಿದು ಕಲ್ಲಾಗಿರುತ್ತದೆ. ನಾಲ್ಕನೇ ದಿನ ಊಟದ ಹೊತ್ತಿಗೆ ಯಾರೂ ಇರಲಿಲ್ಲ. ಬೇಗ ಕೂರಲಿ ಅಂತ ನಾನು ಪುಡಿಯ ಮೇಲೆ ಎಂಟು ಕೊಡ ನೀರು ಹೊಯ್ದು ದಿಮ್ಮಸು ಹೊಡೆದೆ. ಪಾಯ ತುಂಬುವಾಗ ನಾವು ಇಷ್ಟು ವರ್ಷ ಮಾಡಿದ್ದು ಅದನ್ನೇ. ಬೆಳಿಗ್ಗೆ ನೋಡಿದರೆ ಎಲ್ಲ ಹೆಪ್ಪುಗಟ್ಟಿ ಗಾರೆಯಾಗಿತ್ತು. ಎರಡು ದಿನದ ಕೆಲಸ ಕಿತ್ತು ಹಾಕಿದೆವು.

“ಚಂದ್ರನ್ ಮೇಲೆ ನೀರಾಕ್ದೋನು ಪ್ರಪಂಚದಲ್ಲಿ ನೀನೊಬ್ನೇ ಕಣ್ಲಾ!” ಅಂತ ಮುನಿಯಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಎಲ್ಲರೂ ನಕ್ಕರು. ಮೇಡಂ ಕೂಡ. ನಾನು ಬುಟ್ಟಿ ಎಸೆದು ಗೇಟಿನವರೆಗೂ ಹೋಗಿ ವಾಪಸ್ಸು ಬಂದೆ.

ಒಂದು ಸಂಜೆ ಅವನು ಮೇಡಂನ ಕೇಳಿದ, “ಅದು ಬಾಯ್ಗೆ ಎಂಗಿರ್ತದಮ್ಮಾ?”

“ತಿಂದು ನೋಡಿದವರು ಯಾರೂ ನಂಗೊತ್ತಿಲ್ಲ. ವಾಸನೆ ಮಾತ್ರ ಸುಟ್ಟ ಸಿಡಿಮದ್ದಿನ ಹಾಗೆ ಇತ್ತಂತೆ. ನಮ್ಮ ತಾತ ಚಿನ್ನದ ಮೈನ್ಸಿಂದ ಬಂದಾಗ ಅವರ ಅಂಗಿ ಹಾಗೇ ನಾರ್ತಿತ್ತು.”

“ತೇಲುಗುಂಡು ಇರ್ತಾವಾ ಅಲ್ಲಿ?”

“ಇರ್ತಾವೆ. ಎಲ್ಲಿಂದಲೋ ಸಿಡಿದು ಬಂದು ಪುಡಿಯಲ್ಲಿ ಹೂತುಕೊಂಡಿರೋ ಕಲ್ಲುಗಳು.” ಆಮೇಲೆ ಅವರೇ ನಗುತ್ತಾ ಹೇಳಿದರು, “ಅಲ್ಲಿಗೆ ಹೋದವರೂ ಕೊರೆದು ಪಾಡು ಪಟ್ಟಿದ್ದಾರೆ. ಬಂಡೆ ಸಿಗೋ ಮುಂಚೆ, ಬರೀ ಆ ಪುಡಿಯಲ್ಲೇ ರಾಡು ಕಚ್ಚಿಕೊಂಡುಬಿಡ್ತು. ಇಬ್ಬರೂ ಹೆಗಲು ಕೊಟ್ಟು ಎತ್ತಬೇಕಾಯ್ತು.”

ಮುನಿಯಣ್ಣ ಕೆಮ್ಮು ಬರುವವರೆಗೂ ನಕ್ಕ. ಆಗಲೇ ಅವನಿಗೆ ಕೆಮ್ಮು ಶುರುವಾಗಿತ್ತು. “ನೋಡ್ದೇನ್ಲಾ ಕಾಂತ, ಅಲ್ಲೂ ಸಿಕ್ಕಾಕ್ಕೊಂಡೈತೆ!” ಅಂದ. ಕಣ್ಣೊರೆಸಿಕೊಂಡು ಮೇಡಂ ಕಡೆ ತಿರುಗಿ ಮೆಲ್ಲಗೆ ಕೇಳಿದ, “ಎಷ್ಟಡಿ ಓಡ್ಸಿದ್ರಂತೆ?”

“ಎಂಟಡಿ.”

“ನಿಜಾನೇ ಯೋಳವ್ರಲ್ಲ. ದೊಡ್ಡೋರು” ಅಂದ.

ನನ್ನ ಕಡೆ ನೋಡಲಿಲ್ಲ. ನೋಡಬೇಕಾಗಿರಲಿಲ್ಲ. ಎಂಟು ವರ್ಷ ಅವನಿಗೆ ಗೊತ್ತಿತ್ತು ಅಂತ ನನಗೆ ಗೊತ್ತಾದದ್ದು ಆಗ.

ಅವತ್ತು ಬಸ್ ಸ್ಟಾಪಿನವರೆಗೂ ಒಟ್ಟಿಗೆ ನಡೆದೆವು. “ಜಯರಾಮಪ್ನೋರು ಇನ್ನೊಂದ್ ಲಾರಿ ತತ್ತಾವ್ರಂತೆ. ಇನ್ನೊಂದ್ ಕಿತ ಅಂಗೈ ಇಟ್ಬುಟ್ಟು ಸಾಯ್ಬೇಕು ಅಂತ ಆಸೆ ಕಣ್ಲಾ. ಹ್ಯಾಮರ್ ಮುಳುಗಿಸ್ದೋನು ಅನ್ನೋ ಎಸ್ರು ಒತ್ಕೊಂಡು ಓಗಾಕ್ ಇಷ್ಟ ಇಲ್ಲ” ಅಂದ. ನಾನು “ಬಸ್ಸು ಬಂತು” ಅಂದೆ.

ಗುಂಡಿ ತೆರೆದ ದಿನ ಶಾಮಿಯಾನ ಹಾಕಿದ್ದರು. ಕಾಲೇಜಿನ ಬೋರು ಕೊರೆದವರು ಅಂತ ಜಯರಾಮಪ್ಪನವರನ್ನೂ ಕರೆದಿದ್ದರು. ಆರು ಚಕ್ರದ ಬಂಡಿ ಪುಡಿಯಲ್ಲಿ ಹೂತು, ತಿಣುಕಿ, ಕೊನೆಗೆ ದಿಬ್ಬ ಹತ್ತಿತು. ಚಪ್ಪಾಳೆ. ಮೇಡಂ ಮೈಕಿನಲ್ಲಿ ಮುನಿಯಪ್ಪನ ಹೆಸರು ಹೇಳಿದರು. ಇನ್ನಷ್ಟು ಚಪ್ಪಾಳೆ. ಜಯರಾಮಪ್ಪನವರು ನಮ್ಮಿಬ್ಬರ ಹತ್ತಿರ ಬಂದರು.

“ಏನಯ್ಯಾ ಮುನ್ಯಪ್ಪ, ಚಂದ್ರಲೋಕಕ್ಕೇ ಓಗ್ಬಿಟ್ಟೆ! ಹೊಸ ಲಾರಿಗೆ ಆಳು ಬೇಕು. ಕರೀಬೇಕು ಅಂತ ಮನಸ್ಸೈತೆ, ಆ ಹ್ಯಾಮರ್‌ದು ಒಂದು ಗಂಟಲಲ್ಲಿ ನಿಂತೈತೆ.” ನನ್ನ ಕಡೆ ತಿರುಗಿದರು. “ಕಾಂತರಾಜಾ, ನೀನಿದ್ಯಲ್ಲ ಅವತ್ತು. ಸರ್ಯಾಗ್ ಯೋಳು, ತಪ್ಪು ಇವನ್ದೇನಾ?”

ಎರಡೂವರೆ ಅಡಿ. ಅಷ್ಟು ಹೇಳಿದ್ದರೆ ಸಾಕಿತ್ತು. ಬಾಯಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಪೇಪರಿನವನು ಕ್ಯಾಮೆರಾ ಹಿಡಿದು ಬಂದು, “ಸಾರ್, ಸ್ವಲ್ಪ ಪಕ್ಕಕ್ಕೆ ಬನ್ನಿ” ಅಂದ. ನನ್ನ ಮೈಯೆಲ್ಲ ಉರಿದುಹೋಯಿತು.

“ಎಂಟ್ ವರ್ಷದ್ ಮಾತು. ನಂಗ್ ಗ್ಯಾಪ್ಕ ಇಲ್ಲ” ಅಂದು ಮುಖ ತಿರುಗಿಸಿದೆ.

ಮುನಿಯಣ್ಣ ಬಗ್ಗಿ ಗುಂಡಿಯಿಂದ ಅಂಗೈ ತುಂಬ ಪುಡಿ ಎತ್ತಿಕೊಂಡ. ಆಮೇಲೆ “ತೇಲುಗುಂಡು ಯಜಮಾನ್ರೇ. ನನ್ ಬಾಯ್ಗೇ ಮೋಸ ಆಯ್ತು” ಅಂದ. “ಸರಿ ಬಿಡು, ಬೇಡ” ಅಂತ ಜಯರಾಮಪ್ಪನವರು ಊಟದ ಕಡೆ ಹೋದರು. ಕ್ಯಾಮೆರಾದವನು “ನಗಿ ಯಜಮಾನ್ರೇ” ಅಂದ. ಅವನು ನಕ್ಕ. ಆ ಫೋಟೋನೇ ಅದು. ನನ್ನ ಮೊಣಕೈ ಅಂಚಿನಲ್ಲಿ ಇರುವುದು ಯಾಕೆ ಅಂದರೆ, ನಾನು ತಿರುಗಿ ನಿಂತಿದ್ದೆ.

ಮುನಿಯಣ್ಣನ ಎದೆಯ ಎಕ್ಸ್‌ರೇ ಫಿಲ್ಮು ನೋಡಿದ ಡಾಕ್ಟರು ಒಳಗೆಲ್ಲ ಕಲ್ಲುಪುಡಿ ಕೂತಿದೆ ಅಂದರಂತೆ. ಮಾಘಮಾಸದಲ್ಲಿ ಹೋದ. ಬೆಳಿಗ್ಗೆ ಅವರ ತೋಟದ ಮೂಲೆಯಲ್ಲಿ ಗುಂಡಿ ತೋಡಿದರು. ನಾಲ್ಕಡಿಗೆ ಹಾರೆ ಠಣ್ ಅಂತು. “ಬಂಡೆ ಬಂತು, ಜಾಗ ಬದಲಾಯ್ಸಿ” ಅಂದರು. ತೋಡಿದ ಗುಂಡಿಯನ್ನು ಬರಿದಾಗಿ ಮುಚ್ಚಬಾರದು ಅಂತ ವರಲಕ್ಷ್ಮಮ್ಮ ಅಳತೊಡಗಿದಳು. ನಾನು ಗುಂಡಿಗೆ ಇಳಿದೆ. ಕಲ್ಲಿನ ಪಕ್ಕದಿಂದ ಒಂದು ಚಿಟಿಕೆ ಮಣ್ಣು ತೆಗೆದು ಬಾಯಿಗೆ ಹಾಕಿಕೊಂಡೆ. ಗರಸು, ಇನ್ನೂ ಮೆತ್ತಗೆ. ನನ್ನ ಹಲ್ಲಿಗೂ ಅಷ್ಟು ಗೊತ್ತಾಯಿತು.

“ತೇಲುಗುಂಡು. ಪಕ್ಕದಿಂದ ಹಾರೆ ಕೊಡಿ” ಅಂದೆ. ಕೊಟ್ಟರು. ರಾಗಿ ಬೀಸುವ ಕಲ್ಲಿನಷ್ಟು ಗುಂಡು ಉರುಳಿ ಬಂತು, ಕೆಳಗೆ ಮಣ್ಣು.

ದಡದಲ್ಲಿ ನಿಂತಿದ್ದ ಜಯರಾಮಪ್ಪನವರು, “ಕೊನೆಗೂ ಮುನ್ಯಪ್ಪನ್ ಬಾಯಿ ನಿಂಗೇ ಬಂತಲ್ಲಯ್ಯಾ” ಅಂದರು. ಅವನು ಪಕ್ಕದಲ್ಲೇ ಚಟ್ಟದ ಮೇಲಿದ್ದ. ನನ್ನನ್ನು ಹೊಗಳುವಾಗಲೂ ಅವನ ಹೆಸರೇ ಬೇಕು ಇವರಿಗೆ. ಆಗಲೂ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಬಾಯಲ್ಲಿ ಮಣ್ಣಿತ್ತು. ಉಗಿಯದೆ ನುಂಗಿ ಮೇಲೆ ಬಂದೆ.

ಬೂದಿಕೋಟೆ ಸಂತೆಗೆ ಹೋದಾಗೆಲ್ಲ ವರಲಕ್ಷ್ಮಮ್ಮನ ಮನೆಗೆ ಹೋಗುತ್ತೇನೆ. ಕಾಫಿ ಕೊಡುತ್ತಾಳೆ, ಮೊದಲ ಲೋಟವೇ ನನಗೆ. ಕುಡಿದು ಬರುತ್ತೇನೆ. ಅವಳಿಗೆ ಓದಲು ಬರುವುದಿಲ್ಲ. ಈ ಪುಸ್ತಕ ಅಚ್ಚಾದ ಮೇಲೆ ಯಾರಾದರೂ ಓದಿ ಹೇಳಿದರೆ ಹೇಳಲಿ, ನನ್ನ ಬಾಯಿಂದ ಆಗಿಲ್ಲ. ಜಯರಾಮಪ್ಪನವರೂ ಓದಿಕೊಳ್ಳಲಿ. ಆದರೆ ಎಷ್ಟಡಿ ಓಡಿಸಿದೆ ಅಂತ ನನ್ನನ್ನು ಕೇಳಿದ್ದು ಮುನಿಯಣ್ಣ. ಉತ್ತರ ಕೊಡಬೇಕಾಗಿದ್ದದ್ದು ಅವನಿಗೆ.